ಮೊದಲು ಹೇಳು, ಆಮೇಲೆ ಒತ್ತು

ಮೊನ್ನೆ ನಮ್ಮ ಕಾಲೇಜಿನ ಸಭಾಂಗಣದಲ್ಲಿ ನಿವೃತ್ತರಾದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ ನಡೆಯಿತು. ಮೈಕು ಹಿಡಿದವರೆಲ್ಲ ಒಬ್ಬರ ಹಿಂದೊಬ್ಬರು ‘ಸೌಮ್ಯ ಸ್ವಭಾವದ ಗಣಿತ ಅಧ್ಯಾಪಕಿ’ ಎಂದರು. ಗಣಿತ, ಸರಿ. ಸೌಮ್ಯ ಎಂಬುದನ್ನು ಎಲ್ಲಿಂದ ಹುಡುಕಿ ತಂದರೋ ಆ ದೇವರೇ ಬಲ್ಲ. ನಾನು ಎರಡನೇ ಸಾಲಿನಲ್ಲಿ ಕೂತು ಸೆರಗನ್ನು ಬಾಯಿಗೊತ್ತಿಕೊಂಡು ನಗು ನುಂಗಿದೆ. ಪಾಪ, ಅವರದೇನೂ ತಪ್ಪಿಲ್ಲ. ಮಾತಾಡಿದವರಲ್ಲಿ ಹೆಚ್ಚಿನವರು ಈಚೆಗೆ ಸೇರಿದವರು. ಈ ಹೊಳೆನರಸೀಪುರದ ಕಾಲೇಜಿನಲ್ಲಿ ಬಿಸಿಎ ಎಂಬ ಕೋರ್ಸು ಇವತ್ತು ಬದುಕಿದ್ದರೆ ಅದು ಯಾರ ದೆಸೆಯಿಂದ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಬಹುದಿತ್ತು. ಆದರೆ ನನಗೆ ಕೊಟ್ಟಿದ್ದು ವಂದನಾರ್ಪಣೆ. ಕನ್ನಡ ಮೇಡಂ ಅಂದರೆ ವಂದನಾರ್ಪಣೆಗೆಂದೇ ಹುಟ್ಟಿದವಳು ಎಂಬುದು ನಮ್ಮ ಕಾಲೇಜಿನ ನಂಬಿಕೆ. ಹಾರ ತಂದವರಿಗೂ ಮೈಕಿನವರಿಗೂ ಧನ್ಯವಾದ ಹೇಳಿ ಮುಗಿಸುವಷ್ಟರಲ್ಲಿ ಜನ ಎದ್ದು ತಿಂಡಿಯ ಕಡೆ ಹೊರಟಿದ್ದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ‘ನನ್ನ ಹೆಸರು ಹಾಕಿದ್ಯೋ, ಇನ್ಮೇಲೆ ನಿನ್ನ ಮನೆ ಕಾಫಿ ಮುಟ್ಟಲ್ಲ’ ಎಂದಿದ್ದಾರೆ. ಹೇಳಿದಂತೆ ಮಾಡುವ ಹೆಂಗಸು. ಕಾಫಿಯ ಜೊತೆಯನ್ನು ಕಳೆದುಕೊಳ್ಳುವ ಧೈರ್ಯ ನನಗಿಲ್ಲ.

ಅವರ ಊರು ಚನ್ನರಾಯಪಟ್ಟಣ. ಶ್ರವಣಬೆಳಗೊಳದ ಕಡೆಯ ಜೈನ ಮನೆತನ; ಗಂಡನಿಗೆ ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಬರುವುದು, ಸಂಜೆ ಬಸ್ಸು ಹಿಡಿದು ಹೋಗುವುದು. ನಾನು ಇದೇ ಊರಿನ ದೇವಸ್ಥಾನದ ಬೀದಿಯವಳು, ವಯಸ್ಸಿನಲ್ಲಿ ಅವರಿಗಿಂತ ಚಿಕ್ಕವಳು. ಕೆಲಸಕ್ಕೆ ಸೇರಿದ ಮೊದಲ ವಾರವೇ ‘ಅಕ್ಕ’ ಎಂದೆ. ಅವರು ಬೇಡವೆನ್ನಲಿಲ್ಲ. ಎರಡನೇ ವಾರದಿಂದ ನನ್ನನ್ನು ‘ಕಣೇ’ ಎಂದು ಕರೆಯತೊಡಗಿದರು.

ಸೂರ್ಯ ಮುಳುಗಿದ ಮೇಲೆ ಅವರು ಊಟ ಮಾಡುವವರಲ್ಲ. ಅವರ ಮನೆತನದ ಆಚಾರ ಅದು. ಚಳಿಗಾಲದಲ್ಲಿ ಬಸ್ಸು ಚನ್ನರಾಯಪಟ್ಟಣ ಮುಟ್ಟುವ ಹೊತ್ತಿಗೆ ಕತ್ತಲಾಗಿಬಿಡುತ್ತಿತ್ತು. ಹಾಗಾಗಿ ಕಿಟಕಿ ಪಕ್ಕದ ಸೀಟು ಹಿಡಿದು, ಡಬ್ಬಿ ಬಿಚ್ಚಿ, ಬಸ್ಸಿನಲ್ಲೇ ರಾತ್ರಿಯೂಟ ಮುಗಿಸುತ್ತಿದ್ದರು. ಒಂದು ಸಲ ಕಂಡಕ್ಟರು, ‘ಏನ್ ಮೇಡಂ, ಈಗ್ಲೇ ಊಟ ಮಾಡ್ತಿದೀರಿ, ಮನೇಲಿ ಅಡ್ಗೆ ಮಾಡಕಿಲ್ವಾ?’ ಎಂದನಂತೆ. ‘ನಿನ್ನ ಬಸ್ಸು ಸರಿಯಾದ ಟೈಮಿಗೆ ಹೊರಟಿದ್ರೆ ಮನೇಲೇ ತಿಂತಿದ್ದೆ ಕಣಪ್ಪ. ಟಿಕೆಟ್ ಕೊಟ್ಟು ಮುಂದೆ ಹೋಗು’ ಎಂದರಂತೆ ಇವರು. ಇಂಥವರು ಸೌಮ್ಯ ಸ್ವಭಾವದವರಂತೆ.

ಎರಡು ಸಾವಿರನೇ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಎಲ್ಲ ಕಡೆ ಕಂಪ್ಯೂಟರ್ ಕೋರ್ಸು ಶುರುವಾಗುತ್ತಿದೆ, ನಮ್ಮಲ್ಲೂ ಆಗಲಿ ಎಂದು ಆಡಳಿತ ಮಂಡಳಿಯವರಿಗೆ ಹುಮ್ಮಸ್ಸು ಬಂತು. ವಿಶ್ವವಿದ್ಯಾಲಯದಿಂದ ಬಿಸಿಎಗೆ ತಾತ್ಕಾಲಿಕ ಅನುಮತಿ ತಂದರು. ಕಲಿಸುವವರು ಯಾರು ಎಂದು ಕೇಳಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಗಣಿತಕ್ಕೂ ಕಂಪ್ಯೂಟರಿಗೂ ಏನೋ ನಂಟಿದೆಯಂತೆ ಎಂದು ಇವರ ತಲೆಗೆ ಕಟ್ಟಿದರು. ಇವರು ಅಷ್ಟರಲ್ಲಾಗಲೇ ರಜೆಯಲ್ಲಿ ಪುಸ್ತಕ ಇಟ್ಟುಕೊಂಡು ತಾವೇ ಕಲಿಯುತ್ತಿದ್ದರು. ಗೊಣಗುತ್ತಲೇ ಒಪ್ಪಿಕೊಂಡರು. ಒಳಗೊಳಗೇ ಹಿಗ್ಗಿದ್ದು ನನಗೆ ಮಾತ್ರ ಗೊತ್ತಿತ್ತು.

ಕಂಪ್ಯೂಟರುಗಳು ಬಂದವು. ಯಾವುದೋ ಕಚೇರಿಯವರು ಬೇಡವೆಂದು ಬಿಟ್ಟಿದ್ದ ಹಳೇ ಲ್ಯಾಪ್‌ಟಾಪುಗಳು, ದಾನದಲ್ಲಿ ಸಿಕ್ಕಿದ್ದವು. ಊರಲ್ಲಿ ಎಲ್ಲರೂ ಬಳಸುವ ಆಪರೇಟಿಂಗ್ ಸಿಸ್ಟಮ್ಮನ್ನು ಅವುಗಳಿಗೆ ತುಂಬಿದರೆ ತಿಣುಕಿ ತಿಣುಕಿ ನಿಂತುಬಿಡುತ್ತಿದ್ದವು. ಅಕ್ಕ ಹಾಸನದಿಂದ ಒಂದು ಸಿ.ಡಿ. ತಂದರು. ಅದರಲ್ಲಿದ್ದದ್ದು ಬೇರೆಯೇ ಒಂದು ಸಿಸ್ಟಮ್. ಜಗತ್ತಿನಲ್ಲಿ ಅದನ್ನು ಬಳಸುವವರೇ ಕಡಿಮೆ, ನಮ್ಮ ಜಿಲ್ಲೆಯಲ್ಲಿ ಹೆಸರು ಕೇಳಿದವರೂ ಇರಲಾರರು. ಬಣ್ಣವಿಲ್ಲ, ಚಿತ್ರವಿಲ್ಲ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಆದರೆ ಆ ಮುದಿ ಲ್ಯಾಪ್‌ಟಾಪುಗಳಲ್ಲಿ ಅದು ಸಲೀಸಾಗಿ ಓಡಿತು. ಕಾಲೇಜಿನವರೆಲ್ಲ ಅದಕ್ಕೆ ‘ಮೇಡಂ ಸಿಸ್ಟಮ್’ ಎಂದೇ ಹೆಸರಿಟ್ಟರು. ‘ಇದನ್ನೇ ಯಾಕೆ ಹಚ್ಕೊಂಡ್ರಿ ಅಕ್ಕಾ?’ ಎಂದು ಕೇಳಿದೆ. ‘ಇದರ ಕೈಪಿಡಿ ಸುಳ್ಳು ಹೇಳಲ್ಲ ಕಣೇ. ಆಗದೇ ಇರೋದನ್ನ ಆಗಲ್ಲ ಅಂತ ಬರ್ದಿದಾರೆ’ ಎಂದರು.

ಒಂದು ತೊಡಕಿತ್ತು. ಲ್ಯಾಬಿನ ಕಂಪ್ಯೂಟರುಗಳು ಒಂದಕ್ಕೊಂದು ತಂತಿಯಲ್ಲಿ ಜೋಡಿಸಿಕೊಂಡಿರಬೇಕು ಎಂದು ವಿಶ್ವವಿದ್ಯಾಲಯದ ನಿಯಮ. ಈ ಲ್ಯಾಪ್‌ಟಾಪುಗಳಲ್ಲಿ ಆ ತಂತಿ ಸಿಕ್ಕಿಸುವ ತೂತೇ ಇರಲಿಲ್ಲ. ಅದಕ್ಕೆಂದು ಯುಎಸ್‌ಬಿ ಅಡಾಪ್ಟರುಗಳನ್ನು ತರಿಸಿದರು: ಒಂದು ತುದಿ ಲ್ಯಾಪ್‌ಟಾಪಿಗೆ, ಇನ್ನೊಂದು ತುದಿಗೆ ನೆಟ್‌ವರ್ಕಿನ ತಂತಿ, ನಡುವೆ ಬೆಂಕಿಪೊಟ್ಟಣದಂಥ ಒಂದು ಡಬ್ಬಿ. ಲ್ಯಾಬಿನ ಅಟೆಂಡರು ಕಟ್ಟಾಯದ ಕಡೆಯವರು, ಹಿರಿಯರು. ಎಲ್ಲರೂ ಅವರನ್ನು ಗೌಡ್ರು ಎನ್ನುತ್ತಿದ್ದೆವು. ಅವರು ಅಡಾಪ್ಟರನ್ನು ಎತ್ತಿ ಹಿಡಿದು ನೋಡಿ, ‘ಮಿಸನ್‌ಗೆ ಬಾಲ ಬಂದದೆ’ ಎಂದರು. ಅಂದಿನಿಂದ ಅದು ನಮ್ಮಲ್ಲಿ ಬಾಲವೇ ಆಯಿತು. ಪ್ರಿನ್ಸಿಪಾಲರೂ ಬಾಲ ಎನ್ನುತ್ತಿದ್ದರು.

ಬಾಲ ಸಿಕ್ಕಿಸಿದರೆ ಅರ್ಧಕ್ಕರ್ಧ ಕೆಲಸ ಮಾಡಲಿಲ್ಲ. ಕಾರಣವನ್ನು ಅಕ್ಕ ಕನ್ನಡ ಓದಿದವಳಿಗೂ ತಿಳಿಯುವ ಹಾಗೆ ಹೇಳಿದ್ದರು. ಪ್ರತಿ ಬಾಲದೊಳಗೂ ಒಂದು ಎಲೆಕ್ಟ್ರಾನಿಕ್ ಚಿಪ್ಪು. ಸಿಕ್ಕಿಸಿದ ತಕ್ಷಣ ಅದು ತನ್ನ ಕಂಪನಿಯ ಅಂಕೆ, ತನ್ನ ಮಾಲಿನ ಅಂಕೆ ಎರಡನ್ನೂ ಸಿಸ್ಟಮ್ಮಿಗೆ ಹೇಳುತ್ತದೆ. ಅದನ್ನು ನಡೆಸುವ ಡ್ರೈವರು ಎಂಬ ತುಣುಕಿನಲ್ಲಿ ಆ ಅಂಕೆ ಇದ್ದರೆ ಸರಿ, ಇಲ್ಲದಿದ್ದರೆ ‘ಯಾವುದೋ ಒಂದು ವಸ್ತು ಬಂದಿದೆ’ ಎಂದು ಪರದೆಯ ಮೇಲೆ ಒಂದು ಸಾಲು ಬರೆದು ಸಿಸ್ಟಮ್ಮು ಸುಮ್ಮನಾಗುತ್ತದೆ. ನಮ್ಮ ಬಾಲಗಳು ಹೊರಗಿನಿಂದ ಎಲ್ಲ ಒಂದೇ, ಒಂದೇ ಡಬ್ಬಿ, ಒಂದೇ ಬಣ್ಣ. ಒಳಗೆ ಮಾತ್ರ ಎರಡು ಜಾತಿಯ ಚಿಪ್ಪು. ಒಂದು ಜಾತಿ ಸಿಸ್ಟಮ್ಮಿಗೆ ಗೊತ್ತು, ಇನ್ನೊಂದು ಗೊತ್ತಿಲ್ಲ.

ಅವರ ಕೆಲಸದ ರೀತಿ ನಾನು ನೋಡಿದ್ದು ಆಗ. ಪರದೆಯ ಮೇಲೆ ಸರಿದುಹೋಗುವ ಆ ಸಾಲುಗಳನ್ನು ಯಾರೂ ಓದುವುದಿಲ್ಲ. ಅವರು ಓದುತ್ತಿದ್ದರು, ತುಟಿಯಾಡಿಸಿಕೊಂಡು, ಪಾರಾಯಣ ಮಾಡುವವರ ಹಾಗೆ. ಗೊತ್ತಿಲ್ಲದ ಅಂಕೆಯನ್ನು ಅದಕ್ಕೆ ಹೊಂದುವ ಇನ್ನೊಂದು ಡ್ರೈವರಿನ ಪಟ್ಟಿಗೆ ತಾವೇ ಸೇರಿಸಿ, ಸಿಸ್ಟಮ್ಮಿನ ತಿರುಳನ್ನು ಮೊದಲಿಂದ ಕಟ್ಟಲು ಬಿಟ್ಟು ಕ್ಲಾಸಿಗೆ ಹೋಗುತ್ತಿದ್ದರು. ಆ ಲ್ಯಾಪ್‌ಟಾಪಿಗೆ ಅದೊಂದು ಇಡೀ ದಿನದ ಕೆಲಸ. ಬ್ಯಾಟರಿಗಳು ಸತ್ತು ಎಷ್ಟೋ ಕಾಲವಾಗಿತ್ತು, ಮಧ್ಯಾಹ್ನ ಕರೆಂಟು ಹೋದರೆ ಮಾಡಿದ್ದೆಲ್ಲ ಮಣ್ಣು. ಕರೆಂಟು ಹೋಗದ ದಿನ ಯಾವುದಿತ್ತು? ಮತ್ತೆ ಮಾರನೇ ದಿನ ಮೊದಲಿಂದ. ಸಂಜೆ ಬಸ್ಸಿನ ಹೊತ್ತಾಯಿತೆಂದರೆ ಮೆಶೀನು ಯಾವ ಸ್ಥಿತಿಯಲ್ಲಿದ್ದರೂ ಬಿಟ್ಟು ಏಳುತ್ತಿದ್ದರು. ‘ಇನ್ನೊಂದರ್ಧ ಗಂಟೆ ಇದ್ದಿದ್ರೆ ಆಗ್ತಿತ್ತೇನೋ’ ಎಂದರೆ, ‘ಅರ್ಧ ಗಂಟೇಲಿ ಆಗೋದು ನಾಳೆ ಬೆಳಿಗ್ಗೆ ಕಾಲು ಗಂಟೇಲಿ ಆಗುತ್ತೆ, ತಲೆ ತಣ್ಣಗಿರುತ್ತೆ’ ಎನ್ನುತ್ತಿದ್ದರು.

ಎಲ್ಲಿಯೋ ತೊಡಕಾಗಿ ನಿಂತಾಗ ಚನ್ನರಾಯಪಟ್ಟಣದ ಸೈಬರ್ ಸೆಂಟರಿನಲ್ಲಿ ಕೂತು ಆ ಸಿಸ್ಟಮ್ಮು ಮಾಡುವವರಿಗೇ ಇ–ಮೇಲ್ ಬರೆದರು. ಯಾವ ದೇಶದವನೋ, ‘ಮೊದಲು ಕೈಪಿಡಿ ಓದಿ ಬಾ’ ಎಂದು ಮುಖಕ್ಕೆ ಹೊಡೆದಂತೆ ಉತ್ತರ ಬರೆದ. ನನಗೆ ಮೈಯೆಲ್ಲ ಉರಿಯಿತು. ಅವರು ಮಾತ್ರ, ‘ಸರಿಯಾಗೇ ಹೇಳಿದಾನೆ, ಆ ಭಾಗ ನಾನು ಓದಿರಲಿಲ್ಲ’ ಎಂದು ಓದಿದರು, ಸರಿಮಾಡಿದರು, ಸರಿಮಾಡಿದ ಸಾಲನ್ನು ಅವನಿಗೇ ಕಳಿಸಿದರು. ಅವನು ಒಂದೇ ಪದದಲ್ಲಿ ಧನ್ಯವಾದ ಹೇಳಿ ಅದನ್ನು ಸೇರಿಸಿಕೊಂಡ. ಸಿಸ್ಟಮ್ಮಿನ ಮುಂದಿನ ಸಿ.ಡಿ.ಯಲ್ಲಿ ಆ ಸಾಲು ಇತ್ತು. ಹೊಳೆನರಸೀಪುರದಲ್ಲಿ ಬರೆದದ್ದು ಈಗ ಲೋಕದ ಯಾವ ಮೂಲೆಯಲ್ಲಿ ಆ ಬಾಲ ಸಿಕ್ಕಿಸಿದರೂ ಕೆಲಸ ಮಾಡುತ್ತದೆ. ನಾನು ಬೀದಿಗೆಲ್ಲ ಹೇಳಿಕೊಂಡು ಬಂದೆ. ಅವರು ಗಂಡನಿಗೂ ಹೇಳಿರಲಿಲ್ಲ.

ಕೋರ್ಸಿಗೆ ಸೇರಿದ ಹುಡುಗಿಯರಿಗೆ ಅವರು ಕಲಿಸಿದ್ದು ಮುಖ್ಯವಾಗಿ ಎರಡು ಮಾತು. ಒಂದು, ‘ಮೊದಲು ಹೇಳು, ಆಮೇಲೆ ಒತ್ತು.’ ಎಂಟರ್ ಕೀಲಿ ಒತ್ತುವ ಮುಂಚೆ ಏನಾಗುತ್ತದೆ ಎಂದು ಬಾಯಿಬಿಟ್ಟು ಹೇಳಬೇಕು. ತಪ್ಪಾದರೆ ಬೈಗುಳವಿಲ್ಲ. ಹೇಳದೆ ಒತ್ತಿದರೆ ಮಾತ್ರ ಅವತ್ತು ಲ್ಯಾಬಿನಿಂದ ಆಚೆ. ಇನ್ನೊಂದು, ‘ಒಂದು ಸಲಕ್ಕೆ ಒಂದೇ ಬದಲಾಯಿಸು.’ ಎರಡು ಬದಲಾಯಿಸಿದರೆ ಯಾವುದರಿಂದ ಕೆಟ್ಟಿತು, ಯಾವುದರಿಂದ ಸರಿಹೋಯಿತು ಗೊತ್ತಾಗುವುದಿಲ್ಲ. ಹುಡುಗಿಯರು ಕೀಬೋರ್ಡಿನ ಮುಂದೆ ಕೂತಾಗ ಅವರು ಎರಡೂ ಕೈ ಬೆನ್ನಿಗೆ ಕಟ್ಟಿ ನಿಲ್ಲುತ್ತಿದ್ದರು. ‘ಕೈ ಬಿಟ್ಟಿದ್ರೆ ನಾನೇ ಮಾಡಿಬಿಡ್ತೀನಿ ಕಣೇ’ ಎನ್ನುತ್ತಿದ್ದರು.

ಈ ಚಟ ಲ್ಯಾಬಿಗಷ್ಟೇ ಇರಲಿಲ್ಲ. ಒಂದು ಮಧ್ಯಾಹ್ನ ನನ್ನ ಡಬ್ಬಿಯ ಸಾರು ಚೆನ್ನಾಗಿದೆ ಎಂದರು. ನಾನು ಉಬ್ಬಿ, ‘ಹೊಸ ಬೇಳೆ ಅಕ್ಕಾ, ಪುಡಿನೂ ಬೇರೆ ಮಾಡಿದೆ’ ಎಂದೆ. ‘ಥೂ, ಎರಡೂ ಒಟ್ಟಿಗೆ ಬದಲಾಯಿಸಿದ್ಯಾ? ಈಗ ಯಾವುದನ್ನ ಹೊಗಳಬೇಕು ನಾನು?’ ಎಂದು ಡಬ್ಬಿ ನನ್ನ ಕಡೆ ತಳ್ಳಿದರು. ಮಾರನೇ ದಿನ ಹಳೇ ಬೇಳೆ, ಹೊಸ ಪುಡಿಯ ಸಾರು ತಂದೆ. ಪುಡಿಯದೇ ಗುಣ ಎಂದು ತೀರ್ಪಾಯಿತು.

ಅನುಮತಿ ತಾತ್ಕಾಲಿಕ ಎಂದೆನಲ್ಲ. ಅದು ಮುಗಿಯುವ ವರ್ಷ ಬಂತು. ವಿಶ್ವವಿದ್ಯಾಲಯದ ತಪಾಸಣಾ ಸಮಿತಿ ಬಂದು ಲ್ಯಾಬು ನೋಡುತ್ತದೆ. ಒಪ್ಪಿದರೆ ಕೋರ್ಸು ಕಾಯಂ, ಒಪ್ಪದಿದ್ದರೆ ಮುಚ್ಚುತ್ತದೆ. ಮುಚ್ಚಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಕೋರ್ಸಿಗೆ ಸೇರಿದವರಲ್ಲಿ ಹೆಚ್ಚಿನವರು ಹುಡುಗಿಯರು, ಹಳ್ಳಿಮೈಸೂರು, ಅದರ ಸುತ್ತಮುತ್ತಲ ಊರುಗಳವರು. ಹೊಳೆನರಸೀಪುರವೆಂದರೆ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವ ದಾರಿ. ಹಾಸನದಲ್ಲಿ ಹಾಸ್ಟೆಲಿನಲ್ಲಿಟ್ಟು ಓದಿಸುವುದಿಲ್ಲ ಎಂದು ಮನೆಗಳಲ್ಲಿ ಖಡಾಖಂಡಿತ ಹೇಳಿಬಿಟ್ಟಿದ್ದರು. ಹಳ್ಳಿಮೈಸೂರಿನ ಒಬ್ಬ ಹುಡುಗಿ, ತರಗತಿಯಲ್ಲಿ ಎಲ್ಲರಿಗಿಂತ ಚುರುಕು, ಸ್ಟಾಫ್ ರೂಮಿಗೇ ಬಂದು ಕೇಳಿದಳು: ‘ಮೇಡಂ, ಇದು ನಿಂತೋದ್ರೆ ನಮ್ಮನೇಲಿ ಈ ವರ್ಸವೇ ಮದ್ವೆ ಮಾಡ್ಬುಡ್ತಾರೆ. ಉಳೀತದಾ ಮೇಡಂ?’ ಅಕ್ಕ ಅವಳಿಗೆ ಧೈರ್ಯದ ಮಾತು ಹೇಳಲಿಲ್ಲ. ‘ಉಳಿಸ್ಕೊಳ್ಳೋಣ. ಹೋಗಿ ಪ್ರಾಕ್ಟಿಕಲ್ ಮಾಡು’ ಎಂದರು. ಅವಳು ಹೋದ ಮೇಲೆ ನನ್ನ ಕಡೆ ತಿರುಗಿ, ‘ಇದೊಂದು ಉಳೀಬೇಕು ಕಣೇ. ಬೇರೇನೂ ಬೇಡ ನನಗೆ’ ಎಂದರು.

ದಸರಾ ರಜೆ ಮುಗಿದು ಕಾಲೇಜು ತೆರೆಯುವ ದಿನವೇ ಸಮಿತಿ ಬರುವುದೆಂದು ಗೊತ್ತಾಯಿತು. ರಜೆಗೆ ಮುಂಚೆ ಅಕ್ಕ ಎಲ್ಲ ಬಾಲಗಳನ್ನೂ ಪರೀಕ್ಷಿಸಿ, ಎಲ್ಲವೂ ಮಾತಾಡುತ್ತಿವೆ ಎಂದು ಖಾತ್ರಿಮಾಡಿಕೊಂಡು, ನಿಶ್ಚಿಂತೆಯಿಂದ ಊರಿಗೆ ಹೋದರು. ರಜೆ ಮುಗಿಸಿ ಬೆಳಿಗ್ಗೆ ಬಂದು ಸ್ವಿಚ್ಚು ಹಾಕಿದರೆ, ಅರ್ಧ ಲ್ಯಾಪ್‌ಟಾಪುಗಳು ನೆಟ್‌ವರ್ಕಿಗೆ ಬರಲೇ ಇಲ್ಲ.

ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯ, ಆದರೆ ಪುಕ್ಕಲು. ‘ಏನಾಯ್ತು ಮೇಡಂ, ಏನಾಯ್ತು’ ಎಂದು ಬಾಗಿಲಲ್ಲೇ ಸುತ್ತುತ್ತಿದ್ದರು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: ‘ನಾನು ಹೋದ ಮೇಲೆ ಇಲ್ಲಿ ಏನು ಬದಲಾಯ್ತು? ಯಾರು ಏನು ಮುಟ್ಟಿದ್ರು?’

ಯಾರೂ ಮುಟ್ಟಿಲ್ಲ ಎಂದರು ಪ್ರಿನ್ಸಿಪಾಲರು. ‘ಬೀಗ ಆಕಿದ್ದು ಆಕಿದಂಗೇ ಇತ್ತು ಮೇಡಂ, ನಾನೂ ಮುಟ್ಟಿಲ್ಲ’ ಎಂದರು ಗೌಡ್ರು. ನಾನೂ ಯೋಚಿಸಿ, ಇಲ್ಲ ಅಕ್ಕಾ, ಏನೂ ಆಗಿಲ್ಲ ಎಂದೆ. ಮೂವರೂ ಸತ್ಯವನ್ನೇ ಹೇಳುತ್ತಿದ್ದೇವೆ ಎಂದು ನಂಬಿದ್ದೆವು.

ಹಳ್ಳಿಮೈಸೂರಿನ ಹುಡುಗಿ ಒಂದು ಬಾಲವನ್ನು ಕಿತ್ತು ಹಿಂದೆ ತಿರುಗಿಸಿದಳು. ಅವಳ ಬೆರಳು ಕೆಂಪಾಯಿತು. ಅಕ್ಕ ಅದನ್ನು ಇಸಕೊಂಡು ಬೆಳಕಿಗೆ ಹಿಡಿದರು. ನಂಬರು ಅಚ್ಚಾದ ಚೀಟಿಯ ಮೇಲೆ ದಪ್ಪಗೆ ಅರಿಶಿನ, ಅದರ ನಡುವೆ ಕುಂಕುಮ.

‘ಗೌಡ್ರೇ, ಆಯುಧಪೂಜೆ ಮಾಡಿದ್ರಾ?’

‘ಮಾಡ್ದೆ ಬುಡಕ್ಕಾಯ್ತದಾ ಮೇಡಂ?’ ಎಂದರು ಗೌಡ್ರು. ‘ಓದ್ ವರ್ಸ ಮಿಸನ್‌ಗೆ ಅರಿಸ್ಣ ಬಳ್ದೆ ಅಂತ ನೀವು ಬೈದ್ರಿ. ಅದ್ಕೇ ಈ ಸಲ ಮಿಸನ್ ತಂಟೆಗೇ ಓಗ್ಲಿಲ್ಲ. ಬಾಲ ಮಾತ್ರ ಬಿಚ್ಕಂಡು, ತಟ್ಟೇಲಿ ಇಟ್ಟು, ಪೂಜೆ ಮಾಡಿ, ತಿರ್ಗಾ ಒಂದೊಂದ್ಕೆ ಒಂದೊಂದು ಸಿಕ್ಸಿವ್ನಿ. ಒಂದೂ ಕಮ್ಮಿ ಆಗಿಲ್ಲ, ಎಣ್ಸಿ ನೋಡಿ ಬೇಕಾದ್ರೆ.’

ಆ ಪೂಜೆಯಲ್ಲಿ ನಾನೂ ಇದ್ದೆ. ಮಂಗಳಾರತಿ ತಗೊಂಡು, ಪುರಿ–ಕಡಲೆ ತಿಂದು ಮನೆಗೆ ಹೋಗಿದ್ದೆ. ಏನಾದರೂ ಬದಲಾಯಿತೇ ಎಂದು ಕೇಳಿದಾಗ ಅದು ನನ್ನ ತಲೆಗೆ ಬರಲೇ ಇಲ್ಲ. ಪೂಜೆ ಮಾಡುವುದನ್ನು ಯಾರಾದರೂ ಮುಟ್ಟುವುದು ಎನ್ನುತ್ತಾರೆಯೇ? ಗೌಡ್ರ ಲೆಕ್ಕದಲ್ಲೂ ಇಲ್ಲ, ಪ್ರಿನ್ಸಿಪಾಲರ ಲೆಕ್ಕದಲ್ಲೂ ಇಲ್ಲ.

ಅಕ್ಕ ಬೈಯುತ್ತಾರೆ ಎಂದುಕೊಂಡೆ. ಅವರು ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಹುಡುಗಿಯರನ್ನೆಲ್ಲ ಸುತ್ತ ಕೂರಿಸಿಕೊಂಡು ವಿವರಿಸಿದರು. ಈ ಸಿಸ್ಟಮ್ಮಿನಲ್ಲಿ ಒಂದೊಂದು ಜಾತಿಯ ಚಿಪ್ಪಿಗೆ ಒಂದೊಂದು ಹೆಸರು. ನೆಟ್‌ವರ್ಕಿನ ಏರ್ಪಾಡನ್ನು ಬರೆದಿಡುವ ಕಡತಕ್ಕೂ ಅದೇ ಹೆಸರು. ಗೌಡ್ರು ಬಾಲಗಳನ್ನು ತಟ್ಟೆಯಲ್ಲಿ ಕಲೆಸಿ ಸಿಕ್ಕಿಸಿದ್ದರಿಂದ ಒಂದು ಜಾತಿಯದ್ದು ಇದ್ದ ಕಡೆ ಇನ್ನೊಂದು ಜಾತಿಯದ್ದು ಬಂದಿದೆ. ಬಾಲ ಹೊಸ ಹೆಸರಿನಲ್ಲಿ ಎದ್ದು ನಿಂತಿದೆ, ಕಡತ ಹಳೆಯ ಹೆಸರಿನಲ್ಲೇ ಕೂತಿದೆ. ಮನೆ ಬದಲಾಯಿಸಿದವರಿಗೆ ಹಳೇ ವಿಳಾಸಕ್ಕೆ ಕಾಗದ ಹೋದ ಹಾಗೆ.

ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು. ಅರಕಲಗೂಡಿನ ಕಾಲೇಜು ನೋಡಿಕೊಂಡು ಮಧ್ಯಾಹ್ನದ ಮೇಲೆ ಬರಬೇಕಿದ್ದ ಸಮಿತಿ, ಅಲ್ಲಿ ಕೆಲಸ ಬೇಗ ಮುಗಿಯಿತೆಂದು ಬೆಳಿಗ್ಗೆಯೇ ಬಂದುಬಿಟ್ಟಿತ್ತು.

ಪ್ರಿನ್ಸಿಪಾಲರು ಬಾಗಿಲಿಂದ ಒಳಗೆ ಧಾವಿಸಿದರು. ‘ಮೇಡಂ, ಸರಿಯಿರೋ ಮೆಶೀನುಗಳನ್ನ ಮುಂದಿನ ಸಾಲಿಗೆ ಹಾಕಿ. ಉಳಿದವಕ್ಕೆ ಬಟ್ಟೆ ಮುಚ್ಚಿ, ರಿಪೇರಿ ಅಂತ ಹೇಳೋಣ’ ಎಂದರು.

‘ಬಟ್ಟೆ ಎತ್ತಿ ನೋಡಿದ್ರೆ?’

‘ಎತ್ತಲ್ಲ ಮೇಡಂ.’

‘ಎತ್ತದೇ ಇರೋರು ಇಲ್ಲಿ ತನಕ ಯಾಕೆ ಬರ್ತಾರೆ ಸಾರ್? ನೀವು ಅವರಿಗೆ ಎಳನೀರು ಕೊಡಿಸಿ. ಲ್ಯಾಬಿನ ಮಾತು ನನಗೆ ಬಿಡಿ’ ಎಂದರು ಅಕ್ಕ.

ಸಮಿತಿಯ ಮುಖ್ಯಸ್ಥರು ಬೇರೆ ಊರಿನ ಹಿರಿಯ ಪ್ರಾಧ್ಯಾಪಕರು. ಕಡ್ಡಿ ಮುರಿದ ಹಾಗೆ ಮಾತಾಡುವವರು. ಕಪ್ಪು ಪರದೆ ನೋಡಿ ಹುಬ್ಬು ಗಂಟಿಕ್ಕಿ, ‘ಇದ್ಯಾವ ಸಿಸ್ಟಮ್ಮು? ಯಾರು ಬಳಸ್ತಾರೆ ಇದನ್ನ?’ ಎಂದರು.

‘ಕಡಿಮೆ ಜನ ಸಾರ್’ ಎಂದರು ಅಕ್ಕ. ‘ಈ ಮೆಶೀನುಗಳಲ್ಲಿ ಓಡೋದು ಇದೊಂದೇ. ಅದೂ ಅಲ್ದೆ, ಇದರಲ್ಲಿ ಕೆಟ್ಟಿದ್ದು ಕಾಣುತ್ತೆ.’

‘ಈಗ ಕೆಟ್ಟಿದೆಯಾ?’

‘ಕೆಟ್ಟಿದೆ ಸಾರ್. ಅರ್ಧ ಮೆಶೀನು ನೆಟ್‌ವರ್ಕಿಗೆ ಬರ್ತಿಲ್ಲ. ಕಾರಣ ಗೊತ್ತಾಗಿದೆ, ಸರಿಮಾಡೋದು ಇನ್ನೂ ಆಗಿಲ್ಲ. ಸರಿಯಿರೋ ಲ್ಯಾಬು ನೀವು ಎಲ್ಲಾ ಕಡೆ ನೋಡಿರ್ತೀರಿ. ಇಲ್ಲಿ ಒಂದ್ ಗಳಿಗೆ ಕೂತ್ಕೊಳ್ಳಿ, ನಮ್ಮ ಹುಡುಗೀರು ನಿಮ್ಮೆದುರೇ ಸರಿಮಾಡ್ತಾರೆ. ಮಾಡಲಿಲ್ಲ ಅಂದ್ರೆ ಮುಚ್ಚಿಸಿ ಹೋಗಿ.’

ನಾನು ಬಾಗಿಲಲ್ಲಿ ನಿಂತಿದ್ದೆ. ಪ್ರಿನ್ಸಿಪಾಲರು ಗೋಡೆ ಹಿಡಿದುಕೊಂಡರು. ಮುಖ್ಯಸ್ಥರು ಒಂದು ಕ್ಷಣ ಅಕ್ಕನನ್ನೇ ನೋಡಿ, ಕುರ್ಚಿ ಎಳೆದುಕೊಂಡು ಕೂತರು.

ಹಳ್ಳಿಮೈಸೂರಿನ ಹುಡುಗಿ ಮೊದಲ ಲ್ಯಾಪ್‌ಟಾಪಿನ ಮುಂದೆ ಕೂತಳು. ಅಕ್ಕ ಕೈ ಬೆನ್ನಿಗೆ ಕಟ್ಟಿ ಹಿಂದೆ ನಿಂತರು. ಹುಡುಗಿ ಗಟ್ಟಿಯಾಗಿ ಹೇಳಿದಳು: ‘ಈಗ ಈ ಬಾಲ ಸಿಕ್ಸಿದ್ರೆ ಬೇರೆ ಎಸ್ರು ಬತ್ತದೆ ಸಾ. ಆ ಎಸ್ರಲ್ಲಿ ಕಡತ ಇಲ್ಲ, ಅದ್ಕೇ ನೆಟ್‌ವರ್ಕ್ ಬರಲ್ಲ.’ ಸಿಕ್ಕಿಸಿದಳು. ಹೇಳಿದಂತೆಯೇ ಆಯಿತು. ಮುಖ್ಯಸ್ಥರು ಕನ್ನಡಕ ಮೇಲೆ ಸರಿಸಿ ಮುಂದೆ ಬಾಗಿದರು.

ಕಡತದ ಹೆಸರು ಬದಲಾಯಿಸಿದಳು. ತಂತಿ ಓರೆಯಾಗಿ ಕಾಲಿಗೆ ತೊಡರುತ್ತಿತ್ತೆಂದು ಅದನ್ನು ಕಿತ್ತು ಪಕ್ಕದ ತಂತಿ ಹಾಕಿದಳು. ‘ಈಗ ಬತ್ತದೆ ಸಾ’ ಎಂದು ಎಂಟರ್ ಒತ್ತಿದಳು.

ಬರಲಿಲ್ಲ.

ಹುಡುಗಿ ತಿರುಗಿ ಅಕ್ಕನ ಮುಖ ನೋಡಿದಳು. ಅಕ್ಕ ಅವಳ ಮುಖ ನೋಡದೆ ಪರದೆಯನ್ನೇ ನೋಡುತ್ತಿದ್ದರು. ನಾನು ಹಿಂದಿನಿಂದ ಅವರ ಕೈ ನೋಡುತ್ತಿದ್ದೆ. ಎಡಗೈ ಬಲಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಬಳೆ ಮೊಣಕೈ ಕಡೆ ಹತ್ತಿಹೋಗಿತ್ತು. ಒಂದು ಮಾತು ಹೇಳಿಕೊಟ್ಟರೆ ಮುಗಿಯುತ್ತಿತ್ತು. ಅವರು ಹೇಳಿಕೊಡಲಿಲ್ಲ.

ಹುಡುಗಿ ಬಗ್ಗಿ ಎರಡೂ ತಂತಿಗಳನ್ನು ನೋಡಿದಳು. ಆಮೇಲೆ, ‘ಎರಡು ಬದಲಾಯಿಸ್ಬುಟ್ಟೆ ಸಾ. ತಂತಿನೂ ಬದಲಾಯಿಸ್ದೆ, ಅದು ಮಾಡ್ಬಾರ್ದಿತ್ತು’ ಎಂದಳು. ಹಳೆಯ ತಂತಿಯನ್ನೇ ವಾಪಸು ಹಾಕಿದಳು. ‘ಈಗ ಬಂದ್ರೆ ಆ ತಂತಿ ಕೆಟ್ಟಿದೆ ಅಂತ ಅರ್ಥ. ಬರ್ದಿದ್ರೆ ಕಡತದಲ್ಲಿ ನಾನೇ ತಪ್ಪು ಮಾಡಿವ್ನಿ’ ಎಂದು ಹೇಳಿ ಒತ್ತಿದಳು. ಪರದೆಯ ಮೇಲೆ ಸಾಲುಗಳು ಸರಸರನೆ ಇಳಿದವು. ಬಂತು.

ಆಮೇಲೆ ಉಳಿದ ಹುಡುಗಿಯರು ಒಂದೊಂದು ಮೆಶೀನು ಹಿಡಿದರು. ಲ್ಯಾಬು ತುಂಬ ‘ಈಗ ಹೀಗಾಗುತ್ತೆ ಸಾರ್’, ‘ಈಗ ಹಾಗಾಗುತ್ತೆ ಸಾರ್’ ಎಂಬ ಗಲಾಟೆ. ಗೌಡ್ರು ಒದ್ದೆ ಬಟ್ಟೆ ಹಿಡಿದು ಬಾಲಗಳ ಕುಂಕುಮ ಒರೆಸಿಕೊಡುತ್ತಾ, ‘ದೇವ್ರೇ, ನಂದೇ ತಪ್ಪಾಯ್ತಲ್ಲಪ್ಪ’ ಎಂದು ಗೊಣಗುತ್ತಿದ್ದರು. ಕೊನೆಯ ಮೆಶೀನು ಬಂದಾಗ ಮುಖ್ಯಸ್ಥರು ಎದ್ದು ನಿಂತು, ‘ನನ್ನ ಕಾಲೇಜಿನ ಮಕ್ಕಳಿಗೆ ಎಂಟರ್ ಒತ್ತೋದಷ್ಟೇ ಗೊತ್ತು’ ಎಂದು ಯಾರಿಗೋ ಹೇಳಿಕೊಂಡಂತೆ ಹೇಳಿದರು. ಹೊರಡುವ ಮುಂಚೆ ಅಕ್ಕನನ್ನು ಜಗಲಿಯ ತುದಿಗೆ ಕರೆದುಕೊಂಡು ಹೋಗಿ ಏನೋ ಮಾತಾಡಿದರು. ಅಕ್ಕನೇ ಹೆಚ್ಚು ಮಾತಾಡುತ್ತಿದ್ದದ್ದು ಕಂಡಿತು. ಕೋರ್ಸಿಗಾಗಿ ಕೇಳಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಕೇಳಿಕೊಳ್ಳುವುದು ಅವರ ಜಾಯಮಾನವಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಆ ವರ್ಷದ ಪ್ರಾಕ್ಟಿಕಲ್ಲುಗಳೆಲ್ಲ ಮುಗಿದ ಮೇಲೆ ಆದೇಶ ಬಂತು. ಬಂದ ದಿನ ಪ್ರಿನ್ಸಿಪಾಲರು ಸ್ಟಾಫ್ ರೂಮಿಗೇ ಬಂದು ಓದಿದರು. ಕೋರ್ಸು ಕಾಯಂ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವರು ಕೈಯೆತ್ತಿ, ಸ್ವರ ಇಳಿಸಿ, ಒಂದು ಷರತ್ತಿದೆ ಎಂದರು. ಮುಂದಿನ ವರ್ಷದಿಂದ ಲ್ಯಾಬನ್ನೂ ಪಾಠವನ್ನೂ ಕಂಪ್ಯೂಟರ್ ಪದವಿ ಪಡೆದವರೇ ನೋಡಿಕೊಳ್ಳಬೇಕು. ಆಡಳಿತ ಮಂಡಳಿ ಅಂಥವರನ್ನು ಕಾಯಂ ಆಗಿ ನೇಮಿಸಬೇಕು. ಬೇರೆ ವಿಷಯದವರು ಆ ಕೆಲಸ ಮಾಡುವಂತಿಲ್ಲ.

ಅಕ್ಕನ ಪದವಿ ಗಣಿತದ್ದು.

ಪ್ರಿನ್ಸಿಪಾಲರು ತಲೆ ತಗ್ಗಿಸಿ ಹೊರಗೆ ಹೋದರು. ಉಳಿದವರೂ ಮೆಲ್ಲಗೆ ಕ್ಲಾಸುಗಳಿಗೆ ಜಾರಿದರು. ನನಗೆ ತಡೆಯಲಾಗಲಿಲ್ಲ. ‘ಎಂಥಾ ಕೃತಘ್ನರು ಅಕ್ಕಾ ಇವರು. ಆ ಮನುಷ್ಯ ಇಲ್ಲಿ ಕೂತು ಎಲ್ಲಾ ಕಣ್ಣಾರೆ ನೋಡಿ, ಹೋಗಿ ನಿಮ್ಮ ಕುತ್ತಿಗೇನೇ ಕೊಯ್ದನಲ್ಲ’ ಎಂದೆ. ಇನ್ನೂ ಏನೇನೋ ಅಂದೆ. ಕನ್ನಡ ಮೇಡಮ್ಮಿಗೆ ಬೈಗುಳದ ಕೊರತೆಯಿಲ್ಲ.

‘ಅದನ್ನ ಬರೆಸಿದ್ದು ನಾನೇ ಕಣೇ’ ಎಂದರು.

‘ನೀವಾ?’ ಎಂದೆ.

‘ಜಗಲೀಲಿ ಅವರು ಕೇಳಿದ್ರು, ನಿಮ್ಮ ನಂತರ ಯಾರು ಅಂತ. ಯಾರೂ ಇಲ್ಲ ಸಾರ್ ಅಂದೆ. ನಾನಿರೋ ತನಕ ನಮ್ಮ ಮ್ಯಾನೇಜ್‌ಮೆಂಟಿನವರು ಇನ್ನೊಬ್ಬರನ್ನ ತಗೊಳಲ್ಲ, ಗಣಿತದೋಳು ಹೇಗೂ ಮಾಡ್ತಿದಾಳಲ್ಲ ಅಂತ ಸುಮ್ನಿರ್ತಾರೆ. ನಾನು ರಿಟೈರಾದ ದಿನ ಲ್ಯಾಬಿಗೆ ಬೀಗ ಬೀಳುತ್ತೆ. ಹುಡುಗೀರು ಮನೇಲಿ ಕೂರ್ತಾರೆ. ನಿಮ್ಮ ಬಾಯಲ್ಲಿ ಬಂದ್ರೆ ಮಾತ್ರ ಇವರು ಕೇಳ್ತಾರೆ ಸಾರ್, ನನ್ನಂಥೋರು ಮಾಡಕೂಡದು ಅಂತ ಷರತ್ತು ಹಾಕಿ ಅಂದೆ. ಅವರು ಯೋಚ್ನೆ ಮಾಡಿ ಹೇಳಿ ಅಂದ್ರು. ಮಾಡಿದೀನಿ ಅಂದೆ.’

‘ನಿಮಗೆ ಬೇಜಾರಿಲ್ವಾ ಅಕ್ಕಾ?’

‘ಇಲ್ದೆ ಏನು. ಬೇಕಾದಷ್ಟಿದೆ. ಮನೇಲಿ ಅತ್ತು ಬಂದಿದೀನಿ’ ಎಂದರು. ‘ಇಷ್ಟು ವರ್ಷ ಗಣಿತ ಹೇಳಿಕೊಟ್ಟೆ, ಆ ಲ್ಯಾಬಿನಷ್ಟು ಸುಖ ನನಗೆ ಎಲ್ಲೂ ಸಿಗಲಿಲ್ಲ.’

ಗಂಟೆ ಹೊಡೆಯಿತು. ಅವರಿಗೆ ಗಣಿತದ ಕ್ಲಾಸಿತ್ತು. ಎದ್ದು ಸೆರಗು ಸಿಕ್ಕಿಸಿಕೊಂಡು, ಸೀಮೆಸುಣ್ಣ ತಗೊಂಡು, ಬಾಗಿಲ ತನಕ ಹೋದವರು ವಾಪಸು ಬಂದರು. ಕೈಚೀಲದಿಂದ ಲ್ಯಾಬಿನ ಬೀಗದ ಕೈ ತೆಗೆದು ನನ್ನ ಕೈಲಿಟ್ಟು, ‘ಇದನ್ನ ಪ್ರಿನ್ಸಿಪಾಲರಿಗೆ ಕೊಟ್ಬಿಡು. ನಾನೇ ಹೋದ್ರೆ ಕೊಡದೇ ವಾಪಸು ಬಂದ್ಬಿಡ್ತೀನಿ’ ಎಂದರು.

ಕೊಟ್ಟು ಬಂದೆ.